ಕುದುರೆ ಮೆಂತೆ ಹೊಲದ ಮೊಲ

ಜೂನ್ ೪

ರಿಪೇರಿ ಅಂಗಡಿಯಲ್ಲಿ ಗಿರಾಕಿ ಇಲ್ಲ. ಬಿಚ್ಚಿಟ್ಟ ನೀರಿನ ಪಂಪು ಮೇಜಿನ ಮೇಲೆ ಬಾಯಿ ತೆರೆದುಕೊಂಡು ಕೂತಿದೆ. ಅದರ ಪಕ್ಕದಲ್ಲೇ ಕೂತು ಬರೆಯುತ್ತಿದ್ದೇನೆ. ಯಾರಿಗಾದರೂ ಹೇಳಿಕೊಳ್ಳೋಣ ಎಂದರೆ, ಕೇಳಿಸಿಕೊಳ್ಳುತ್ತಿದ್ದವಳು ಹೋಗಿ ವರ್ಷ ತುಂಬಿತು.

ನಿನ್ನೆ ಭಾಮೈದ ಬಂದಿದ್ದ, ನನ್ನವಳ ತಮ್ಮ. ಅವನದು ನದಿಯಾಚೆ ಒಳ್ಳೆಯ ಜಮೀನು, ದೊಡ್ಡ ಕೊಟ್ಟಿಗೆ, ಸ್ವಂತ ಲಾರಿ. ಬಂದವನು ಕಾಫಿ ಕುಡಿಯುವ ಮೊದಲು ಹಿಂದೆ ಹೋಗಿ ನಮ್ಮ ನಾಲ್ಕು ಹಸುಗಳನ್ನು ನೋಡಿದ. ಪಕ್ಕೆಲುಬು ಎಣಿಸುವ ಹಾಗಿವೆ. ಕಾಲುವೆ ದಂಡೆಗೆ ಬೇಲಿ ಬಿದ್ದ ಮೇಲೆ ಅವಕ್ಕೆ ಹಸಿ ಮೇವು ಕಂಡು ಗೊತ್ತಿಲ್ಲ, ಬರೀ ಒಣಹುಲ್ಲು. ಅವು ನನ್ನವಳು ಸಾಕಿದ ಹಸುಗಳು. ನನಗೆ ಫ್ಯಾನು, ಮಿಕ್ಸರು, ಪಂಪು ಗೊತ್ತೇ ಹೊರತು ಹಸು ಗೊತ್ತಿಲ್ಲ.

“ಭಾವ, ಮೂಕ ಪ್ರಾಣಿ. ಪಾಪ ಕಟ್ಕೋಬೇಡಿ,” ಅಂದ. “ಹಿತ್ತಲ ಹೊಲದಲ್ಲಿ ಮೇವು ಬೆಳೆದ್ರೆ ಸರಿ. ಚಳಿ ಶುರುವಾಗೋ ಹೊತ್ತಿಗೆ ಹಸಿರು ಕಾಣ್ದಿದ್ರೆ ನಾಲ್ಕನ್ನೂ ನಾನು ಒಯ್ತೀನಿ. ಅಮ್ಮನೂ ನಮ್ಮನೇಲೇ ಇರ್ಲಿ. ಹಸು ಇಲ್ದೆ ಅವಳಿಗೆ ಇಲ್ಲೇನು ಕೆಲಸ?”

ಅತ್ತೆ ಅಲ್ಲೇ ಹಾಲು ಸೋಸುತ್ತಿದ್ದರು. ಸೋಸಿ ಮುಗಿಸಿ ಪಾತ್ರೆ ಒಳಗೆ ಒಯ್ದರು. ಮಗಳಿಗೆ ಕಾಯಿಲೆ ಎಂದು ಒಂದು ಚೀಲ ಹಿಡಿದು ಬಂದವರು, ಮಗಳು ಹೋದ ಮೇಲೂ ಉಳಿದರು. ಹಸುಗಳಿಗೋಸ್ಕರ ಎಂದು ಎಲ್ಲರೂ ಹೇಳುತ್ತಾರೆ, ನಾನೂ ಹೇಳುತ್ತೇನೆ. ಅವರನ್ನೇ ಕೇಳುವ ಧೈರ್ಯ ಮಾಡಿಲ್ಲ.

ಸಂಜೆ ಬೀಗ ತೆಗೆದು, ದೀಪ ನಾನೇ ಹಾಕಿ, ಒಬ್ಬನೇ ಒಳಗೆ ಹೋಗುವುದನ್ನು ನೆನೆಸಿಕೊಳ್ಳುತ್ತೇನೆ. ನನಗೆ ಭಯವಾಗಿದೆ. ಬೇರೆ ಹೆಸರು ಇಟ್ಟು ಪ್ರಯೋಜನವಿಲ್ಲ.

ಜೂನ್ ೯

ಹಿತ್ತಲ ಹೊಲದ ಮಣ್ಣನ್ನು ಕೃಷಿ ಕೇಂದ್ರಕ್ಕೆ ತೆಗೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದೆ. ಅಲ್ಲಿನ ಮೇಡಂ ಮಣ್ಣನ್ನು ನೀರಿನಲ್ಲಿ ಕದಡಿ, ಸಣ್ಣ ಯಂತ್ರವನ್ನು ಅದರಲ್ಲಿ ಅದ್ದಿ, “ನಿಮ್ಮ ಮಣ್ಣು ಹುಳಿ” ಅಂದರು. ರಸಸಾರ ಎಂದು ಒಂದು ಅಳತೆ. ಏಳಿದ್ದರೆ ಸಮ, ಕೆಳಗಿಳಿದಷ್ಟೂ ಹುಳಿ. ನಮ್ಮದು ಐದೂ ಇಲ್ಲ. ಯಾಕೆ ಅಲ್ಲಿ ಕಳೆ ಬಿಟ್ಟು ಇನ್ನೇನೂ ಬರುವುದಿಲ್ಲ ಎನ್ನುವುದು ಇಷ್ಟು ವರ್ಷದ ಮೇಲೆ ಗೊತ್ತಾಯಿತು.

ಕುದುರೆ ಮೆಂತೆ ಹಾಕಿ ಎಂದರು. ಒಮ್ಮೆ ಬೇರೂರಿದರೆ ಕೊಯ್ದ ಹಾಗೆಲ್ಲ ಚಿಗುರುತ್ತದಂತೆ, ಹಸುವಿಗೆ ಅದಕ್ಕಿಂತ ಒಳ್ಳೆಯ ಮೇವು ಇಲ್ಲವಂತೆ. “ಆದ್ರೆ ಅದಕ್ಕೆ ಹುಳಿ ಅಂದ್ರೆ ಆಗಲ್ಲ. ಬೇರಿನ ತುದಿ ಸುಟ್ಟ ಹಾಗಾಗುತ್ತೆ. ಬೇರಿಗೆ ಗಂಟು ಕಟ್ಟಿ ಗಿಡಕ್ಕೆ ಗೊಬ್ಬರ ಮಾಡ್ಕೊಡೋ ಜೀವಾಣು ಇರುತ್ತಲ್ಲ, ಅದೂ ಹುಳಿ ಮಣ್ಣಲ್ಲಿ ಬದುಕಲ್ಲ. ಮೊದ್ಲು ಸುಣ್ಣ ಹಾಕಿ ಹುಳಿ ಇಳಿಸಿ, ಆಮೇಲೆ ಬೀಜ.”

ಇಳಿಯುತ್ತದೆಯೇ ಎಂದು ಕೇಳಿದೆ. “ಮಣ್ಣಲ್ವಾ, ನಿಧಾನ,” ಅಂದರು. ತಲೆಗೆ ಹುಳ ಬಿಟ್ಟ ಹಾಗಾಯಿತು. ನಿಧಾನ ಎಂದರೆ ಎಷ್ಟು ನಿಧಾನ?

ಮನೆಗೆ ಬಂದು ಹೇಳಿದರೆ ಅತ್ತೆ ಅಂದರು: “ಹುಳಿ ಅಂತ ಗೊತ್ತಿದ್ರೆ ಅಳಿಯಂದ್ರೇ, ಊಟಕ್ಕೆ ನೆಂಚ್ಕೊಳ್ಳೋಕಾದ್ರೂ ಆಗ್ತಿತ್ತು.”

ಜೂನ್ ೧೭

ಸಾಮಾನಿನ ಅಂಗಡಿಗೆ ಹೋಗಿ ಸುಣ್ಣ ಬೇಕು ಅಂದೆ.

“ಎಷ್ಟು ಗೋಡೆ?”

“ಗೋಡೆ ಅಲ್ಲ, ಹೊಲ.”

“ಬ್ರಷ್ ಕೊಡ್ಲಾ?” ಅಂದ ಅಂಗಡಿಯವನು. ಅಲ್ಲಿ ನಿಂತಿದ್ದವರೆಲ್ಲ ನಕ್ಕರು. ನಾನೂ ನಕ್ಕೆ, ಏನು ಮಾಡುವುದು.

ಒಳ್ಳೆಯದೇ ಆಯಿತು. ಗೋಡೆಗೆ ಬಳಿಯುವ ಸುಟ್ಟ ಸುಣ್ಣ ಬೇಡ, ಅದು ಉರಿ, ಸುಣ್ಣದ ಕಲ್ಲನ್ನೇ ಅರೆದ ಪುಡಿ ಬೇಕು ಎಂದು ಮೇಡಂ ಹೇಳಿದ್ದು ಆಗ ನೆನಪಾಯಿತು. ಕಲ್ಲು ಅರೆಯುವ ಕಡೆಯಿಂದಲೇ ತರಿಸಲು ಹೇಳಿ ಬಂದೆ. ಅತ್ತೆಗೆ ಇದು ಒಪ್ಪಿಗೆಯಾಗಲಿಲ್ಲ.

“ಸುಣ್ಣಕ್ಕೂ ಸುಣ್ಣದ ಕಲ್ಲಿಗೂ ಏನು ವ್ಯತ್ಯಾಸ? ಅಳಿಯ ಅಲ್ಲ ಮಗಳ ಗಂಡ ಅಂದ ಹಾಗಾಯ್ತು.”

ಗಾದೆ ಬಾಯಿಂದ ಜಾರಿದ ಮೇಲೆ ಇಬ್ಬರಿಗೂ ಕೇಳಿಸಿತು. ಅವರು ಸೌಟು ಹುಡುಕುವ ನೆಪದಲ್ಲಿ ಒಳಗೆ ಹೋದರು. ನಾನು ಚಪ್ಪಲಿ ಹಾಕಿಕೊಂಡು ನನ್ನ ಅಂಗಡಿಗೆ ಬಂದೆ. ಮಗಳೇ ಇಲ್ಲದ ಮೇಲೆ ನಾನು ಅವರಿಗೆ ಎರಡರಲ್ಲಿ ಯಾವುದು? ನಡುವಿನ ತಂತಿ ಕಡಿದ ಮೇಲೂ ಎರಡು ಕಡೆ ಕರೆಂಟು ಇರುತ್ತದೆಯೇ? ಇದನ್ನೆಲ್ಲ ಯೋಚಿಸುತ್ತಾ ಒಬ್ಬರ ಮಿಕ್ಸರಿಗೆ ಇನ್ನೊಬ್ಬರ ಮುಚ್ಚಳ ಹಾಕಿ ಕೊಟ್ಟುಬಿಟ್ಟಿದ್ದೇನೆ. ವಾಪಸ್ ತರಿಸಬೇಕು.

ಜುಲೈ ೧

ಸುಣ್ಣದ ಪುಡಿ ಎರಚಿ ಆಯಿತು. ಮೂಗಿಗೆ ಬಟ್ಟೆ ಕಟ್ಟಿಕೊಂಡಿದ್ದರೂ ಮೈಯೆಲ್ಲ ಪುಡಿ. ಗಾಳಿ ಒಂದು ಕಡೆ, ನಾವು ಒಂದು ಕಡೆ. ಸಾಲಿನ ಕೊನೆಗೆ ಬಂದಾಗ ಅತ್ತೆಯ ರೆಪ್ಪೆ ಕೂಡ ಬೆಳ್ಳಗಾಗಿತ್ತು. “ನನಗಂತೂ ಮೊದ್ಲೇ ನರೆತಿತ್ತು, ನೀವು ಇವತ್ತು ಒಂದೇ ದಿನದಲ್ಲಿ ಮುದುಕರಾದ್ರಿ,” ಅಂದರು. ಬಹಳ ತಿಂಗಳ ಮೇಲೆ ಅವರು ನಕ್ಕಿದ್ದು ಕೇಳಿಸಿತು.

ಉತ್ತು ಮಣ್ಣಿಗೆ ಬೆರೆಸಿದ್ದೇವೆ. ಕಡಿಮೆ ಹಾಕಿದೆವೋ ಎಂದು ಒಂದು ಸಂಶಯ, ಜಾಸ್ತಿಯಾಯಿತೋ ಎಂದು ಇನ್ನೊಂದು. ಎರಡೂ ಒಟ್ಟಿಗೆ ಹೇಗೆ ಇರಲು ಸಾಧ್ಯ ಎಂದು ಕೇಳಬೇಡಿ. ನನಗೆ ಸಾಧ್ಯ.

ಸೆಪ್ಟೆಂಬರ್ ೧೨

ಹುಳಿ ಇಳಿದಿದೆ. ರಸಸಾರ ಆರೂವರೆಗೆ ಬಂತು. ಮೇಡಂ ಬೆನ್ನು ತಟ್ಟದಿದ್ದರೂ ತಟ್ಟಿದ ಹಾಗೇ ನಕ್ಕರು.

ಇವತ್ತು ಬಿತ್ತನೆ. ಜೀವಾಣುವಿನ ಪುಡಿ ಎಂದು ಕೊಟ್ಟಿದ್ದು ನೋಡಿದರೆ ಒಲೆಯ ಮಸಿಯ ಹಾಗಿದೆ. ಸಕ್ಕರೆ ಪಾಕದಲ್ಲಿ ಕಲಸಿ ಬೀಜಕ್ಕೆ ಹಚ್ಚಿ, ನೆರಳಲ್ಲಿ ಆರಿಸಿ, ಕೂಡಲೇ ಬಿತ್ತಬೇಕು. ಬಿಸಿಲು ತಾಗಿದರೆ ಜೀವಾಣು ಸಾಯುತ್ತದಂತೆ. ಬೀಜ ಆರುವಷ್ಟು ಹೊತ್ತೂ ಬಿಸಿಲು ಸರಿದ ಹಾಗೆಲ್ಲ ಚಾಪೆ ಎಳೆಯುತ್ತಾ ಮನೆ ಸುತ್ತಿದೆ. ಕಾಣದ ಜೀವ ಎಲ್ಲಿ ಹೋಗಿಬಿಡುತ್ತದೋ ಎಂದು ಹೆದರಿ ಇಷ್ಟು ಓಡಾಡಿದ್ದು ಆಸ್ಪತ್ರೆಯ ದಿನಗಳ ನಂತರ ಇದೇ.

“ಐದಾರು ವಾರ ಬಿಟ್ಟು ಬೇರು ನೋಡಿ,” ಅಂದಿದ್ದಾರೆ ಮೇಡಂ. “ಸಣ್ಣ ಸಣ್ಣ ಗಂಟು ಬಂದಿರ್ಬೇಕು. ಒಂದನ್ನ ಸೀಳಿದ್ರೆ ಒಳಗೆ ಗುಲಾಬಿ ಬಣ್ಣ ಇದ್ರೆ, ಕೆಲಸ ಮಾಡ್ತಿದೆ ಅಂತ ಅರ್ಥ.”

ಇದು ನನಗೆ ಹಿಡಿಸಿತು. ಯಂತ್ರ ಓಡುತ್ತಿದೆ ಎಂದು ತೋರಿಸಲು ಒಂದು ಸಣ್ಣ ಕೆಂಪು ದೀಪ ಇರುತ್ತದಲ್ಲ, ಹಾಗೆ.

ಸೆಪ್ಟೆಂಬರ್ ೨೦

ಮೊಳಕೆ. ಅತ್ತೆ ಬಂದು ಎಬ್ಬಿಸಿದರು.

ಅಕ್ಟೋಬರ್ ೧೪

ಎಲೆ ಹಳದಿಯಾಗುತ್ತಿದೆ. ಮೊದಲು ನನ್ನ ಕಣ್ಣೇ ಸರಿಯಿಲ್ಲವೇನೋ ಅಂದುಕೊಂಡೆ. ಕನ್ನಡಕ ಒರೆಸಿ ನೋಡಿದೆ, ಹಳದಿಯೇ.

ಅತ್ತೆ ಕೊಟ್ಟಿಗೆಯಲ್ಲಿದ್ದಾಗ ಒಂದು ಗಿಡ ಕಿತ್ತೆ. ಬೇರಿನಲ್ಲಿ ಗಂಟಿಲ್ಲ. ದಾರದ ಎಳೆಯ ಹಾಗೆ ನುಣ್ಣಗಿದೆ. ಮೂವತ್ತು ವರ್ಷದಿಂದ ಇದೇ ಕೆಲಸ ನನ್ನದು. ಕೆಟ್ಟಿದ್ದು ಯಾವುದೇ ಇರಲಿ, ಬಿಚ್ಚಿ ನೋಡದೆ ಗೊತ್ತಾಗುವುದಿಲ್ಲ.

ಅಕ್ಟೋಬರ್ ೧೭

ಮೂರು ಕಿತ್ತೆ. ಗಂಟಿಲ್ಲ.

ಅಕ್ಟೋಬರ್ ೧೮

ಬೇರೆ ಕಡೆಯಿಂದ ಕಿತ್ತೆ. ಬೇಲಿ ಪಕ್ಕ, ಬಾವಿ ಪಕ್ಕ, ನಡುವೆ. ಎಲ್ಲೂ ಇಲ್ಲ. ಬೇರುಗಳನ್ನು ಅಂಗಡಿಗೆ ತಂದು ಭೂತಗನ್ನಡಿಯಲ್ಲಿ ನೋಡಿದೆ. ಗಿರಾಕಿಯೊಬ್ಬರು “ಇದ್ಯಾವ ತಂತಿ?” ಎಂದು ಕೇಳಿದರು.

ಅಕ್ಟೋಬರ್ ೨೧

ಇಲ್ಲ.

ಅಕ್ಟೋಬರ್ ೨೩

ಊಟಕ್ಕೆ ಕೂತಾಗ ಅತ್ತೆ ಅಂದರು: “ಹೊಲಕ್ಕೆ ಮೊಲ ಬರ್ತಾ ಇದೆ ಅಳಿಯಂದ್ರೇ. ಅಲ್ಲಲ್ಲಿ ಗಿಡಾನೇ ಇಲ್ಲ, ಬೋಳಾಗಿದೆ. ಒಳ್ಳೇ ಚಾಲಾಕಿ ಮೊಲ, ಒಂದೇ ಕಡೆ ತಿನ್ನಲ್ಲ, ಆರಿಸಿ ಆರಿಸಿ ಕೀಳುತ್ತೆ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ತಟ್ಟೆಯ ಕೆಳಗೆ ಉಗುರು ಅಡಗಿಸಿಕೊಂಡೆ. ಉಗುರಿನಲ್ಲಿ ಮಣ್ಣಿತ್ತು. ಅವರು ಮಧ್ಯಾಹ್ನವೇ ಮುಳ್ಳು ಕಡಿದು ತಂದು ಬೇಲಿಯ ಸಂದುಗಳಿಗೆಲ್ಲ ತುರುಕಿದರು. ಕೈಯೆಲ್ಲ ಗೀರು. ಅರಿಶಿನ ಹಚ್ಚಿಕೊಳ್ಳುವಾಗ ನೋಡಿದೆ, ಏನೂ ಹೇಳಲಿಲ್ಲ. ಹೇಳಿದರೆ ಯಾಕೆ ಕಿತ್ತೆ ಎನ್ನುತ್ತಾರೆ, ಗಂಟು ಬಂದಿಲ್ಲ ಎನ್ನಬೇಕಾಗುತ್ತದೆ, ಹಾಗಾದರೆ ಬೆಳೆ ಬರುವುದಿಲ್ಲ ಎಂದಾಗುತ್ತದೆ. ಆಮೇಲೆ ಅವರೇ ಚೀಲ ತೆಗೆದರೆ?

ಅಕ್ಟೋಬರ್ ೨೬

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಇವತ್ತು ಎರಡೂ ಮಾಡಿದೆ ಎಂದೇ ಅನಿಸುತ್ತದೆ.

ಬೆಳಿಗ್ಗೆ ಒಂದು ಹಿಡಿ ಕಿತ್ತು ನೋಡಿದೆ. ಒಂದರಲ್ಲೂ ಗಂಟಿಲ್ಲ. ನೇರ ಅಂಗಡಿಗೆ ಬಂದು ಭಾಮೈದನಿಗೆ ಫೋನ್ ಮಾಡಿದೆ. “ಬೆಳೆ ಕೈ ಕೊಡ್ತು. ಬಂದು ಒಯ್ದುಬಿಡು,” ಅಂದೆ. ಅವನು ಗಾಬರಿಯಾಗಿ “ಯಾಕೆ ಭಾವ, ಚಳಿಗೆ ಇನ್ನೂ ಟೈಮಿದೆಯಲ್ಲ” ಅಂದ. “ಇಲ್ಲ, ಬಂದುಬಿಡು,” ಅಂದೆ. ಭಾನುವಾರ ಬರುತ್ತಾನೆ.

ಯಾಕೆ ಹಾಗೆ ಮಾಡಿದೆ? ಬೀಳುವ ಪೆಟ್ಟು ಬೇಗ ಬೀಳಲಿ ಎಂದು. ಕಾಯುವುದು ನನ್ನ ಕೈಲಿ ಆಗುವುದಿಲ್ಲ. ಆಸ್ಪತ್ರೆಯಲ್ಲೂ ಹೀಗೇ. ಡಾಕ್ಟರು ಬಾಗಿಲಿಗೆ ಬರುವ ಮೊದಲೇ ಎದ್ದು ಹೋಗಿ ಅವರ ಮುಖ ನೋಡುತ್ತಿದ್ದೆ.

ಅಕ್ಟೋಬರ್ ೨೮

ಮೊಲ ಸಿಕ್ಕಿಬಿತ್ತು.

ಬೆಳಕು ಹರಿದ ಮೇಲೆ ಹೊಲಕ್ಕೆ ಹೋಗಿ ಬಗ್ಗಿದ್ದೇನೆ, ಕೈಯಲ್ಲಿ ಎರಡು ಗಿಡ ಇದೆ. ಹಿಂದಿನಿಂದ ಕೆಮ್ಮು. ಅತ್ತೆ ಬಾವಿಕಟ್ಟೆಯ ಮರೆಯಲ್ಲಿ ಕೋಲು ಹಿಡಿದು ಕೂತಿದ್ದಾರೆ, ಮೊಲ ಹೊಡೆಯಲು. ನನ್ನನ್ನು ನೋಡಿದರು, ಗಿಡ ನೋಡಿದರು, ಕೋಲು ಕೆಳಗಿಟ್ಟರು.

“ಕಿವಿ ಅಷ್ಟೇನು ಉದ್ದ ಇಲ್ಲ,” ಅಂದರು.

ಎಲ್ಲ ಹೇಳಿದೆ. ಹಳದಿ ಎಲೆ, ಗಂಟಿಲ್ಲದ ಬೇರು, ಎಲ್ಲ. ಫೋನಿನ ವಿಷಯ ಒಂದು ಬಿಟ್ಟು. ಅವರು ಬೈಯಲಿಲ್ಲ. “ಆ ಮೇಡಂನ ಕೇಳಿದ್ರಾ?” ಅಂದರು. ಕೇಳಿರಲಿಲ್ಲ. ಕೇಳಿದರೆ ಬೆಳೆ ಹೋಯಿತು ಎಂದು ಅವರ ಬಾಯಿಂದಲೇ ಬರುತ್ತದಲ್ಲ ಎಂದು ಹೆದರಿದ್ದೆ. ಅತ್ತೆ ಅಲ್ಲೇ ನಿಲ್ಲಿಸಿ ಫೋನ್ ಮಾಡಿಸಿದರು.

ಮೇಡಂ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು. “ಕಿತ್ರಾ, ಅಗೆದ್ರಾ?”

“ಕಿತ್ತೆ.”

“ಅಯ್ಯೋ. ಕಿತ್ರೆ ಗಂಟೆಲ್ಲ ಉದುರಿ ಮಣ್ಣಲ್ಲೇ ಉಳ್ಕೊಳ್ಳುತ್ತೆ. ಬರೀ ಬೇರು ಕೈಗೆ ಬರುತ್ತೆ. ಸುತ್ತ ಅಗೆದು, ಮಣ್ಣಿನ ಹೆಂಟೆ ಸಮೇತ ಎತ್ತಿ, ನೀರಲ್ಲಿ ನೆನೆಸಿ ನೋಡಿ. ಶುರುವಲ್ಲಿ ಒಂಚೂರು ಹಳದಿ ಆಗೋದು ಇದ್ದಿದ್ದೇ.”

ಅತ್ತೆ ಬಕೆಟ್ ತಂದರು. ನಾನು ಸುತ್ತ ಅಗೆದೆ. ಹೆಂಟೆಯನ್ನು ಎರಡೂ ಕೈಯಲ್ಲಿ ಎತ್ತಿ ನೀರಿಗಿಳಿಸಿದೆ. ಬೇಗ ಕರಗಲಿ ಎಂದು ಅಲ್ಲಾಡಿಸತೊಡಗಿದೆ. “ಅಲ್ಲಾಡಿಸ್ಬೇಡ. ಬಿಡು, ಅದೇ ಕರಗುತ್ತೆ. ಸುಮ್ನೆ ಹಿಡ್ಕೋ ನೀನು,” ಅಂದರು ಅತ್ತೆ, ನನ್ನ ಮಣಿಕಟ್ಟು ಹಿಡಿದು. ಮಣ್ಣು ಮೋಡದ ಹಾಗೆ ಬಿಟ್ಟುಕೊಂಡಿತು. ನಾನು ಕಣ್ಣು ಮುಚ್ಚಿಕೊಂಡಿದ್ದೆ ಎಂದು ಕಾಣುತ್ತದೆ, ಯಾಕೆಂದರೆ ಮೊದಲು ಹೇಳಿದ್ದು ಅವರು: “ನೋಡಿಲ್ಲಿ.”

ಗಂಟು. ಸಾಸಿವೆ ಕಾಳಿಗಿಂತ ಸ್ವಲ್ಪ ದಪ್ಪ, ಬೇರಿನ ತುಂಬ. ಒಂದನ್ನು ಬ್ಲೇಡಿನಿಂದ ಸೀಳಿದೆ. ಒಳಗೆ ಗುಲಾಬಿ.

ಇಷ್ಟು ದಿನ ಅವು ಅಲ್ಲೇ ಇದ್ದವು. ನಾನು ಕಿತ್ತು ನೋಡಿದ್ದಕ್ಕೇ ಕಾಣಲಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ನನ್ನಂಥವನನ್ನು ನೋಡಿಯೇ ಹೇಳಿದ್ದಾರೆ.

ಅತ್ತೆ ಆ ಗಿಡವನ್ನು ಮತ್ತೆ ನೆಟ್ಟು ನೀರು ಹಾಕಿದರು. ನಾನು ಅಂಗಡಿಗೆ ಓಡಿಬಂದು ಭಾಮೈದನಿಗೆ ಫೋನ್ ಮಾಡಿದೆ. ಲೋಡು ಹಾಕಿಕೊಂಡು ದೂರ ಹೋಗಿದ್ದಾನೆ. ಸಿಗಲಿಲ್ಲ.

ಅಕ್ಟೋಬರ್ ೩೦

ಮನೆಯಲ್ಲಿ ಏನೋ ಸರಿಯಿಲ್ಲ. ಬೆಳಿಗ್ಗೆ ಅತ್ತೆ ಕಾಫಿಯನ್ನು ಕೈಗೆ ಕೊಡಲಿಲ್ಲ. “ಅಲ್ಲಿಟ್ಟಿದೀನಿ, ತಗೊಳ್ಳಿ ಅಳಿಯಂದ್ರೇ,” ಅಂದರು. ಊಟಕ್ಕೂ “ಬನ್ನಿ, ಕೂತ್ಕೊಳ್ಳಿ.” ನೆಂಟರ ಮನೆಗೆ ಬಂದ ಹಾಗಿತ್ತು. ಹಗ್ಗದ ಮೇಲೆ ಅವರ ಬಟ್ಟೆಯೆಲ್ಲ ಒಗೆದು ಹರವಿದ್ದರು, ಉಡುವುದೂ, ಉಡದೆ ಇಟ್ಟಿದ್ದೂ.

ಮಧ್ಯಾಹ್ನ ಭಾಮೈದ ಫೋನಿಗೆ ಸಿಕ್ಕ. ಬೇಡ, ಬರಬೇಡ, ಗಂಟು ಬಂದಿದೆ ಅಂದೆ. ಅವನಿಗೆ ರೇಗಿತು. “ಯಾವ ಗಂಟು ಭಾವ? ನಿನ್ನೇನೇ ಅಮ್ಮಂಗೆ ಫೋನ್ ಮಾಡಿ ಹೇಳ್ದೆ, ಭಾವನೇ ಕರ್ಕೊಂಡು ಹೋಗು ಅಂತ ಅಂದಿದಾರೆ, ರೆಡಿಯಾಗಿರು ಅಂತ. ಅಮ್ಮ ಹೂಂ ಅಂದಿದಾಳೆ. ನಾನು ಬರೋದೇ.”

ಬಂದು ಒಯ್ದುಬಿಡು ಎಂದಿದ್ದೆ. ಏನನ್ನು ಎಂದು ಹೇಳಿರಲಿಲ್ಲ. ಅತ್ತೆಗೆ ಅದು ಹೇಗೆ ಕೇಳಿಸಿದೆ ಎಂದು ಈಗ ಗೊತ್ತಾಗುತ್ತಿದೆ. ಮನೆಯಿಂದ ಕಳಿಸುತ್ತಿದ್ದಾನೆ ಎಂದು. ಮೊನ್ನೆ ಬಕೆಟ್ ಮುಂದೆ ಕೂತು ಎಲ್ಲ ಹೇಳಿದವನು ಅದನ್ನೊಂದು ಮುಚ್ಚಿಟ್ಟಿದ್ದ ಎಂದು.

ಹೋಗಿ ಹೇಳಬೇಕು. ಏನೆಂದು? ಕೂತು ಒಳ್ಳೆಯ ಮಾತುಗಳನ್ನು ಜೋಡಿಸಿದೆ. ಗಂಟು ಕಟ್ಟಿದೆ, ಮೇವು ಬರುತ್ತದೆ, ಹಾಲು ಹೆಚ್ಚುತ್ತದೆ, ನೀವಿಲ್ಲದೆ ಹಸು ಕರೆಯುವವರು ಯಾರು. ಎಲ್ಲ ಸರಿಯಾಗಿವೆ, ಒಂದೂ ನಿಜವಾದ ಕಾರಣವಲ್ಲ. ಮನೆಗೆ ಹೋದೆ. “ಅತ್ತೆ” ಅಂದೆ. “ಹೇಳಿ,” ಅಂದರು. “ಉಪ್ಪು ಕಮ್ಮಿ” ಅಂದೆ. ಉಪ್ಪು ಸರಿಯಾಗೇ ಇತ್ತು.

ನವೆಂಬರ್ ೧

ಲಾರಿ ಬಂತು. ಅತ್ತೆಯ ಚೀಲ ಬಾಗಿಲ ಪಕ್ಕದಲ್ಲಿತ್ತು. ಬಂದಾಗ ತಂದದ್ದೇ, ಅದಕ್ಕಿಂತ ಒಂದು ಚೂರೂ ಉಬ್ಬಿರಲಿಲ್ಲ.

ಭಾಮೈದ ಹಲಗೆ ಇಳಿಸಿ ಹಸುಗಳ ಹಗ್ಗ ಬಿಚ್ಚಲು ಹೋದ. ನಾನು ತೊಳೆದಿಟ್ಟಿದ್ದ ಬೇರೊಂದನ್ನು ಅವನ ಮುಂದೆ ಹಿಡಿದೆ.

“ಇದನ್ನ ಹಸು ತಿನ್ನುತ್ತಾ?” ಅಂದ.

“ಇಲ್ಲ. ಇದು ಬಂದ್ರೆ ಸೊಪ್ಪು ಬರುತ್ತೆ. ಮೂರ್ನಾಲ್ಕು ವಾರ ಕೊಡು.”

“ಭಾವ, ನಾನು ಕೇಳ್ದೇ ಇದ್ದಾಗ ಬಾ ಅಂದ್ರಿ. ಬಂದ್ಮೇಲೆ ಬೇಡ ಅಂತೀರಿ. ಅಮ್ಮಂಗೆ ಎಷ್ಟು ಬೇಜಾರಾಗಿದೆ ಗೊತ್ತಾ ನಿಮಗೆ?”

ಅವನು ಹೇಳಿದ್ದರಲ್ಲಿ ತಪ್ಪೇನಿದೆ. ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ಎರಡು ಹಸು ಹಲಗೆ ಹತ್ತಿದವು. ಮೂರನೆಯದು ಹಠಮಾರಿ, ಕಾಲು ಊರಿ ನಿಂತಿತು. ಅವನು ಮುಂದಿನಿಂದ ಎಳೆದ. ಅತ್ತೆ ಜಗುಲಿಯಿಂದ ಇಳಿದು ಬಂದು ಅದರ ಬೆನ್ನು ಸವರಿ, “ಹೋಗೇ, ನಾನೂ ಬರ್ತೀನಿ” ಅಂದರು.

ಆಗ ನಾನು ಅಂದೆ. ಜೋಡಿಸಿಟ್ಟ ಮಾತು ಯಾವುದೂ ಬರಲಿಲ್ಲ. “ಹಸು ಒಯ್ಯೋ. ನಾಲ್ಕೂ ಒಯ್ಯೋ. ಅತ್ತೆ ಇರ್ಲಿ.”

ಭಾಮೈದ ಹಗ್ಗ ಹಿಡಿದೇ ತಿರುಗಿದ. “ಹಸು ಇಲ್ದೆ ಅಮ್ಮ ಇಲ್ಲಿ ಯಾಕೆ?”

“ಸುಮ್ನೆ.”

“ಸುಮ್ನೆ ಅಂದ್ರೆ?”

“ಸುಮ್ನೆ ಇರ್ಲಿ. ಮನೇಲಿ.”

ನನ್ನ ವಯಸ್ಸಿನ ಗಂಡಸು ಲಾರಿಯ ಮುಂದೆ ಬೇರು ಹಿಡಿದು ಅಳುವುದು ಚೆನ್ನಾಗಿರುವುದಿಲ್ಲ, ತೋಳಿನಿಂದ ಕಣ್ಣೊರೆಸಿಕೊಂಡೆ. ಅತ್ತೆ ಹಸುವಿನ ಬೆನ್ನ ಮೇಲಿಂದ ಕೈ ತೆಗೆದಿರಲಿಲ್ಲ.

“ಹಸೂನೂ ಕಳಿಸಿ ನಾನಿಲ್ಲಿ ಕೂತು ಏನು ಮಾಡ್ಲಿ? ನಿನ್ನ ಮುಖ ನೋಡ್ತಾ ಕೂರ್ಲಾ?” ಅಂದರು. ಆಮೇಲೆ ಮಗನ ಕಡೆ ತಿರುಗಿ, “ಇಳಿಸೋ ಅವನ್ನ. ಬಿಸಿಲಲ್ಲಿ ನಿಲ್ಲಿಸ್ಬೇಡ.”

“ಅಮ್ಮಾ, ನೀನೇ ಹೂಂ ಅಂದೆ—”

“ಕಳಿಸ್ತಾರೆ ಅಂತ ಹೂಂ ಅಂದೆ. ಇರು ಅಂತ ಯಾರಾದ್ರೂ ಅಂದಿದ್ರಾ ಇಷ್ಟು ದಿನ? ಇಳಿಸು.”

ಭಾಮೈದ ಮುಖ ಊದಿಸಿಕೊಂಡು ಇಳಿಸಿದ, ಮುಖ ಊದಿಸಿಕೊಂಡೇ ಎರಡು ಸಲ ಬಡಿಸಿಕೊಂಡು ಉಂಡ. ಹೊರಡುವಾಗ ಲಾರಿಯಿಂದ ಬಗ್ಗಿ, ಮನೆಯ ಫ್ಯಾನು ಕರಕರ ಎನ್ನುತ್ತಿದೆ, ಬಂದು ನೋಡಿ ಅಂದ. ಚೀಲ ಸಂಜೆಯವರೆಗೂ ಬಾಗಿಲ ಪಕ್ಕದಲ್ಲೇ ಇತ್ತು. ನಾನು ಮುಟ್ಟಲು ಹೋಗಲಿಲ್ಲ. ಆಮೇಲೆ ನೋಡಿದರೆ ಅಲ್ಲಿರಲಿಲ್ಲ.

ನವೆಂಬರ್ ೨೪

ಬರೆದು ಬಹಳ ದಿನವಾಯಿತು. ಪುರುಸೊತ್ತಿಲ್ಲ.

ಇವತ್ತು ಮೊದಲ ಕೊಯ್ಲು. ಹೂ ಕಾಣಿಸಿಕೊಂಡ ಕಡೆ ಮಾತ್ರ ಕೊಯ್ದೆವು, ಮೊಣಕಾಲು ಮುಟ್ಟುತ್ತಿತ್ತು. ಹಸಿದ ಹೊಟ್ಟೆಗೆ ಹಸಿಯಾಗಿ ಹಾಕಿದರೆ ಹೊಟ್ಟೆ ಉಬ್ಬರಿಸಿ ಹಸು ಸತ್ತೇ ಹೋಗಬಹುದು ಎಂದು ಮೇಡಂ ಹೇಳಿದ್ದರು. ಸೊಪ್ಪು ಬಾಡಿಸಿ, ಒಣಹುಲ್ಲು ಬೆರೆಸಿ, ಹಿಡಿ ಹಿಡಿಯಾಗಿ ಹಾಕಿದೆ. ಆಮೇಲೂ ಒಂದೊಂದರ ಎಡ ಪಕ್ಕೆಗೆ ಕೈ ಇಟ್ಟು ನಿಂತಿದ್ದೆ. “ಕೈ ತೆಗಿಯೋ ಮಾರಾಯ, ನೆಮ್ಮದಿಯಾಗಿ ತಿನ್ಲಿ,” ಅಂದರು ಅತ್ತೆ. ತೆಗೆದೆ. ಅವು ತಿಂದವು.

ಅಷ್ಟರಲ್ಲಿ ಹಾಲು ಒಯ್ಯುವವನು ಬಂದ. ಕ್ಯಾನು ಸೈಕಲ್ಲಿಗೆ ಕಟ್ಟುತ್ತಾ, “ಅಜ್ಜಿ, ಊರಿಗೆ ಹೊರಟಿದ್ರಂತೆ? ಯಾವಾಗ ಪ್ರಯಾಣ?” ಎಂದು ಕೇಳಿದ.

ಅತ್ತೆ ಕುಡುಗೋಲು ಮಸೆಯುತ್ತಿದ್ದರು. ತಲೆ ಎತ್ತಲಿಲ್ಲ.

“ಯಾವ ಊರಿಗೆ?” ಅಂದರು.